ಸ್ಕ್ರೀನ್ ತೆಗೆಯದೆ ಸಬ್‌ವೂಫರ್ ಹಾಕಿಸಬಹುದೇ?

ಗದಗಿನ ಓದುಗರೊಬ್ಬರ ಪ್ರಶ್ನೆ: "ಕಾರು ತಗೊಂಡು ಎರಡು ವರ್ಷ ಆತ್ರಿ. ಕಂಪನಿ ಟಚ್‌ಸ್ಕ್ರೀನ್ ಚಲೋ ಐತಿ, ರಿವರ್ಸ್ ಕ್ಯಾಮೆರಾನೂ ಅದರಾಗ ಐತಿ. ಆದ್ರ ತಬಲಾದ ಡಗ್ಗಾ ಕೇಳಸಂಗೇ ಇಲ್ಲ. ಹುಬ್ಬಳ್ಳಿ ಅಂಗಡಿಯವ್ರು ಮೊದಲ ಸ್ಕ್ರೀನ್ ಬದಲಿ ಮಾಡ್ರಿ ಅಂತಾರ. ಮಾಡಬೇಕೇನ್ರಿ?"

ಬೇಡ್ರಿ. ಸ್ಕ್ರೀನ್ ಅಲ್ಲೇ ಇರಲಿ. ಕ್ಯಾಮೆರಾ, ಸ್ಟೀರಿಂಗ್ ಮೇಲಿನ ಬಟನ್, ಕೆಲವು ಕಾರುಗಳಲ್ಲಿ ಸೆಟ್ಟಿಂಗ್ ಕೂಡ ಅದಕ್ಕೇ ಜೋಡಿಸಿರುತ್ತವೆ. ಅದನ್ನು ಕಿತ್ತರೆ ಒಂದು ಸರಿಹೋಗಿ ಮೂರು ಕೆಡುತ್ತವೆ. ನಿಮ್ಮ ತೊಂದರೆ ಇರುವುದು ಬೇರೆ ಕಡೆ.

ಸ್ಟೀರಿಯೊ ಮೇಲೆ 4×50 ವ್ಯಾಟ್ ಎಂದು ಬರೆದಿರುತ್ತದೆ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ. ಎಡೆಬಿಡದೆ ಕೊಡುವ ಆರ್‌ಎಂಎಸ್ ಶಕ್ತಿ ಒಂದೊಂದು ಸ್ಪೀಕರಿಗೆ 15ರಿಂದ 20 ವ್ಯಾಟ್, ಅಷ್ಟೇ. ತೆಳು ತಗಡಿನ ಬಾಗಿಲಲ್ಲಿ ಕೂತ ಸಣ್ಣ ಸ್ಪೀಕರಿಗೆ ತಗ್ಗಿನ ಸ್ವರ ಭಾರವಾಗುತ್ತದೆ. ನಮ್ಮ ಕಡೆಯವರಿಗೆ ತಂಬೂರಿಯಿಂದಲೇ ಹೇಳಬಹುದು: ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವ ಗಾಯಕರ ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ತಗ್ಗಿನ ತಂತಿ ಸುಮಾರು 69 ಹರ್ಟ್ಸ್. ಬಾಗಿಲಿನ ಸ್ಪೀಕರ್ ಸೋತು, ತಗ್ಗಿನ ಸ್ವರಕ್ಕೆಂದೇ ಇರುವ ಸಬ್‌ವೂಫರ್ ಕೈಗೆತ್ತಿಕೊಳ್ಳಬೇಕಾದ ಜಾಗ ಅದೇ.

ಕಂಪನಿ ಸ್ಟೀರಿಯೊಗೆ ಸಾಮಾನ್ಯವಾಗಿ ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವ ಆರ್‌ಸಿಎ ಔಟ್‌ಪುಟ್ ಇರುವುದಿಲ್ಲ. ಅಂಗಡಿಯವರು ತೋರಿಸುವ ನೆಪ ಇದೇ. ಆದರೆ ಹೈ-ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ತಂದರೆ ಸ್ಪೀಕರಿನ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುತ್ತದೆ. ವೈರ್ ಕತ್ತರಿಸಲು ಬಿಡಬೇಡಿ. ನಿಮ್ಮ ಮಾಡೆಲ್ಲಿಗೆ ಹೊಂದುವ ಕಪ್ಲರ್ ಕೇಳಿ. ಕತ್ತರಿಸಿದ ವೈರ್ ಕಂಡರೆ ವಾರಂಟಿಗೆ ತಕರಾರು ಬರುತ್ತದೆ. ಇನ್ನೊಂದು ಮಾತು: ಕೆಲವು ಕಂಪನಿ ಸ್ಟೀರಿಯೊಗಳು ವಾಲ್ಯೂಮ್ ಏರಿಸಿದಂತೆ ತಾವೇ ಬೇಸ್ ಇಳಿಸುತ್ತವೆ, ಸ್ಪೀಕರ್ ಹರಿಯದಿರಲಿ ಅಂತ. ಅಂಥ ಕಾರಿನಲ್ಲಿ ಜೋರು ಮಾಡಿದಾಗ ಸಬ್‌ವೂಫರ್ ಸಪ್ಪೆಯಾದರೆ ಅದು ಸಬ್‌ವೂಫರಿನ ತಪ್ಪಲ್ಲ.

ಡಿಕ್ಕಿಯಲ್ಲಿ 12 ಇಂಚಿನ ಪೆಟ್ಟಿಗೆಯೋ, ಸೀಟಿನ ಕೆಳಗೆ 8 ಇಂಚಿನದೋ? ಮದುವೆ, ಜಾತ್ರೆ ಅಂತ ಓಡಾಡುವ ಮನೆಯಾದರೆ ಸೀಟಿನ ಕೆಳಗಿನದೇ ಸಾಕು. ಅದರೊಳಗೇ ಆಂಪ್ಲಿಫೈಯರ್ ಇರುತ್ತದೆ. ಎದೆ ನಡುಗಿಸುವುದಿಲ್ಲ, ಡಗ್ಗಾ ಮಾತ್ರ ದುಂಡಗೆ ಕೇಳಿಸುತ್ತದೆ. ಡಿಜೆ ಬೇಕೆನ್ನುವವರು ದೊಡ್ಡದು ಹಾಕಿಸಲಿ, ಬ್ಯಾಗು ತೊಡೆಯ ಮೇಲೆ ಇಟ್ಟುಕೊಳ್ಳಲಿ.

ದುಡ್ಡು ಉಳಿಸಬಾರದ ಜಾಗ ವೈರಿಂಗ್. 300 ವ್ಯಾಟ್ ಆರ್‌ಎಂಎಸ್ ಕೊಡುವ ಕ್ಲಾಸ್-ಡಿ (ಕರೆಂಟ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ಲಿಫೈಯರ್ ಪೂರ್ತಿ ದುಡಿದರೆ, ಎಂಜಿನ್ ಚಾಲೂ ಇದ್ದಾಗಿನ 14 ವೋಲ್ಟಿನಲ್ಲಿ 27 ಆಂಪಿಯರಿನಷ್ಟು ಎಳೆಯುತ್ತದೆ. ಅದಕ್ಕೆ ಕರೆಂಟ್ ತರುವ ವೈರ್ ನೇರ ಬ್ಯಾಟರಿಯಿಂದಲೇ ಬರಬೇಕು. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಬೇಕು. ಫ್ಯೂಸನ್ನು ಆಂಪ್ಲಿಫೈಯರ್ ಹತ್ತಿರ ಮಾತ್ರ ಹಾಕಿದರೆ, ನಡುವೆ ವೈರ್ ಸವೆದು ಕಾರಿನ ತಗಡಿಗೆ ತಾಗಿದಾಗ ಬೆಂಕಿಗೆ ತಡೆಯೇ ಇರುವುದಿಲ್ಲ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಇದೆಯೇ ಎಂದು ಬಗ್ಗಿ ನೋಡಿ. ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ: ಕೆಂಪು ಹೋಗಿ ಬಿಳಿ ಕಂಡರೆ ಅದು ತಾಮ್ರದ ಲೇಪನದ ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರ ಹೊರುವಷ್ಟು ಕರೆಂಟ್ ಅದು ಹೊರುವುದಿಲ್ಲ.

ಅರ್ಥಿಂಗ್, ಅಂದರೆ ಆಂಪ್ಲಿಫೈಯರಿನ ಇನ್ನೊಂದು ವೈರನ್ನು ಕಾರಿನ ತಗಡಿಗೆ ಬಿಗಿಯುವ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಹಾಕಿಸಿದ ದಿನವೇ ಧಾರವಾಡದಿಂದ ಹುಬ್ಬಳ್ಳಿಗೆ ಬರುವಾಗ ಹಾಡಿನ ಹಿಂದೆ ಒಂದು 'ಕುಂಯ್' ಶಬ್ದ. ಆಕ್ಸಿಲರೇಟರ್ ಒತ್ತಿದರೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಹಾಕಿದ ಹುಡುಗ "ಆಂಪ್ಲಿಫೈಯರ್ ಖರಾಬ್ ಐತ್ರಿ ಸರ, ದೊಡ್ಡದ ತಗೋರಿ" ಅಂದ. ಮನೆಗೆ ಬಂದು ಹಿಂದಿನ ಸೀಟು ಎತ್ತಿ ನೋಡಿದರೆ, ಅರ್ಥ್ ವೈರನ್ನು ಬಣ್ಣದ ಮೇಲೇ ಸ್ಕ್ರೂ ಮಾಡಿದ್ದ. ಸ್ಕ್ರೂಡ್ರೈವರಿನ ಅಂಚಿನಿಂದ ಎಂಟಾಣೆ ಅಗಲದಷ್ಟು ಕೆರೆದೆ. ಬಣ್ಣ ಹೋಯಿತು, ಅದರ ಕೆಳಗಿನ ಬೂದು ಪ್ರೈಮರ್ ಹೋಯಿತು, ತಗಡು ಫಳಫಳ ಹೊಳೆಯಿತು. ಬಿಗಿದು, ತುಕ್ಕು ಹಿಡಿಯದಿರಲಿ ಅಂತ ಮೇಲೆ ಗ್ರೀಸ್ ಸವರಿದೆ. ಕುಂಯ್ ನಿಂತಿತು, ಖರ್ಚು ಸೊನ್ನೆ.

ಕೊನೆಗೆ ಗೇನ್, ಅಂದರೆ ಬಂದ ಸಿಗ್ನಲನ್ನು ಆಂಪ್ಲಿಫೈಯರ್ ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ಗುಂಡಿ. ಅದು ವಾಲ್ಯೂಮ್ ಅಲ್ಲ. ಸ್ಕ್ರೀನಿನ ವಾಲ್ಯೂಮ್ ಮುಕ್ಕಾಲು ಭಾಗಕ್ಕಿಟ್ಟು, ಗೇನ್ ಸೊನ್ನೆಯಿಂದ ನಿಧಾನ ಏರಿಸಿ. ಸ್ವರ ಒಡೆಯತೊಡಗಿದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಲೋ-ಪಾಸ್, ಅಂದರೆ ಸಬ್‌ವೂಫರಿಗೆ ಯಾವ ಮಟ್ಟದ ಕೆಳಗಿನ ಸ್ವರ ಮಾತ್ರ ಹೋಗಬೇಕೆಂಬ ಸೆಟ್ಟಿಂಗ್, 80 ಹರ್ಟ್ಸ್ ಹತ್ತಿರ ಇರಲಿ. ಬೇಸ್ ಸದ್ದು ಕಾರು ಓಡಿಸುವವರ ಬೆನ್ನಹಿಂದಿನಿಂದ ಬಂದಂತೆ ಅನಿಸಿದರೆ ಇನ್ನೂ ಇಳಿಸಿ.

ಇಷ್ಟಾದ ಮೇಲೂ ಹಿಂದೆ ಏನೋ ಗಡಗಡ ಅನ್ನಬಹುದು. ಆಂಪ್ಲಿಫೈಯರ್ ಬಿಚ್ಚಲು ಹೋಗಬೇಡಿ, ಮೊದಲು ನಂಬರ್ ಪ್ಲೇಟ್ ಒತ್ತಿ ಹಿಡಿದು ನೋಡಿ. ನಿಂತರೆ ಅದರ ಹಿಂದೆ ಒಂದು ಸ್ಪಂಜಿನ ಪಟ್ಟಿ ಅಂಟಿಸಿ.