ಸೊಲ್ಲು ಹಿಡಿಯುವ ತನಕ ಕಾಯಿರಿ

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಕಲಬುರಗಿಯಲ್ಲಿ ಅಷ್ಟೊತ್ತಿಗೆ ಬಿಸಿಲು ಕಾದ ಹಂಚಿನಂತಿರುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಮಧ್ಯಾಹ್ನ, ಆಟಿಸಂ ಇರುವ ಮಕ್ಕಳಿಗಾಗಿಯೇ ಏರ್ಪಡಿಸಿದ್ದ ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದೆ. ಸ್ವಾಗತ, ಸನ್ಮಾನ, ಭಾಷಣಗಳಿಗೇ ಒಂದೂವರೆ ಗಂಟೆ ಹಿಡಿಯಿತು. ಮೊದಲ ಹಾಡು ಶುರುವಾಗುತ್ತಲೇ ಸ್ಪೀಕರ್ ಕಿರುಚಿತು. ನನ್ನ ಬಳಿ ಮಾತಿನ ತರಬೇತಿಗೆ ಬರುತ್ತಿದ್ದ ಏಳು ವರ್ಷದ ಹುಡುಗ ಕಿವಿ ಮುಚ್ಚಿಕೊಂಡು ಕುರ್ಚಿಗಳ ಅಡಿಗೆ ನುಸುಳಿದ. ತಾಯಿ ಅಕ್ಕಪಕ್ಕದವರ ಕ್ಷಮೆ ಕೇಳುತ್ತಲೇ ಅವನನ್ನು ಎತ್ತಿಕೊಂಡು ಹೊರಗೆ ಹೋದರು. ಯಾರಿಗಾಗಿ ಕಾರ್ಯಕ್ರಮ ನಡೆದಿತ್ತೋ ಅವರೇ ಅಲ್ಲಿ ಕ್ಷಮೆ ಕೇಳಬೇಕಾಯಿತು. ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಆ ಹುಡುಗನಿಗೆ ಹಾಡೆಂದರೆ ಪ್ರಾಣ. ಹೆಸರು ಹಿಡಿದು ಕರೆದರೆ ತಿರುಗದವನು, ಅಜ್ಜ ಹಾಡುವ, ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ಒಂದಕ್ಷರ ತಪ್ಪದೆ ಗುನುಗುತ್ತಿದ್ದ. ಆಟಿಸಂ ಇರುವ ಅನೇಕರಲ್ಲಿ ಮಿದುಳು ಸದ್ದನ್ನು ಸೋಸುವ ಬಗೆಯೇ ಬೇರೆ. ನಮ್ಮ ಕಿವಿ ಲೆಕ್ಕಕ್ಕಿಡದ ಫ್ಯಾನಿನ ಗುಂಯ್ಗುಟ್ಟುವಿಕೆ, ಹಿಂದಿನ ಸಾಲಿನ ಪಿಸುಮಾತು ಅವರೊಳಗೆ ಹಾಡಿನಷ್ಟೇ ಜೋರಾಗಿ ನುಗ್ಗಬಹುದು. ದಿಢೀರ್ ಚಪ್ಪಾಳೆ ಕೆಲವರಿಗೆ ನಿಜಕ್ಕೂ ನೋವು ಕೊಡುತ್ತದೆ. ಇದನ್ನು ಹಠವೆನ್ನುವ ಬಂಧುಗಳಿಗೆ ಎಷ್ಟು ಸಲ ಬೇಕಾದರೂ ಇದೇ ಮಾತನ್ನು ಹೇಳಲು ನಾನು ಸಿದ್ಧಳಿದ್ದೇನೆ.

ಆಮೇಲೆ ನಾವು ಕೆಲವರು ಸೇರಿ ಭಜನೆಯ ದಾರಿ ಹಿಡಿದೆವು. ಶ್ರಾವಣದಲ್ಲಿ, ಅಮಾವಾಸ್ಯೆಗೆ ನಮ್ಮ ಊರುಗಳ ಮಠಗಳಲ್ಲಿ ನಡೆಯುತ್ತದಲ್ಲ, ಅದೇ ಭಜನೆ. ನೆಲಕ್ಕೆ ಜಮಖಾನ, ಕೈಯಲ್ಲಿ ಏಕತಾರಿ, ದಮ್ಮಡಿ ಎಂಬ ಚರ್ಮವಾದ್ಯ. ಒಬ್ಬರು ಹೇಳಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಪ್ರತಿ ನುಡಿಯಾದ ಮೇಲೆ ಪಲ್ಲವಿ ಮರಳಿ ಬರುತ್ತದೆ. ಮುಂದೇನು ಬರಲಿದೆ ಎಂದು ಗೊತ್ತಿರುವುದು ನಮ್ಮ ಮಕ್ಕಳಿಗೆ ದೊಡ್ಡ ಆಸರೆ. ನಡುವೆ ಎದ್ದು ಹೋಗಿ ಬಂದರೆ ಭಜನೆಯಲ್ಲಿ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ.

ಮೈಕ್ ತೆಗೆದೆವು. ಕಂಚಿನ ತಾಳದ ಸದ್ದು ತೀರಾ ಚೂಪು, ಅದನ್ನೂ ಬಿಟ್ಟೆವು. ಚಪ್ಪಾಳೆಯ ಬದಲು ಕೈ ಮೇಲೆತ್ತಿ ಆಡಿಸುತ್ತೇವೆ. ಹೊತ್ತು ಮುಳುಗಿದ ಮೇಲೆ ನಲವತ್ತೈದು ನಿಮಿಷ ಸಾಕು. ಸಭಾಂಗಣದ ಮತ್ತು ಹಾಡುವವರ ಚಿತ್ರಗಳನ್ನು ಎರಡು ದಿನ ಮೊದಲೇ ಪೋಷಕರ ಮೊಬೈಲ್‌ಗೆ ಕಳುಹಿಸುತ್ತೇವೆ. ಪಕ್ಕದಲ್ಲಿ ಮಂದ ಬೆಳಕಿನ ಕೋಣೆಯೊಂದು ಇರುತ್ತದೆ. ಅಲ್ಲಿಗೆ ಹೋದವರನ್ನು ಯಾರೂ ಏಕೆಂದು ಕೇಳುವುದಿಲ್ಲ.

ಹಾಡುವವರಿಗೆ ನಾನು ಕಲಿಸುವುದು ಒಂದೇ: ಪಲ್ಲವಿಯ ಕೊನೆಯ ಪದ ಬರುವ ಮುನ್ನ ನಿಲ್ಲಿಸಿ, ಕಾಯಿರಿ. ಹತ್ತು ಸೆಕೆಂಡ್ ಮೌನ ದೊಡ್ಡವರಿಗೆ ಸಹಿಸುವುದಿಲ್ಲ. ಯಾರಾದರೂ ಆ ಪದವನ್ನು ತುಂಬಿಬಿಡುತ್ತಾರೆ. ತುಂಬಿದರೆ ಮಗುವಿನ ಸರದಿಯನ್ನು ಕಸಿದುಕೊಂಡಂತೆ. ಮಾತೇ ಬಾರದ ಹುಡುಗಿಯೊಬ್ಬಳು ಎರಡು ತಿಂಗಳು ಆ ಮೌನದಲ್ಲಿ ದಮ್ಮಡಿಯನ್ನಷ್ಟೇ ನೋಡುತ್ತಿದ್ದಳು. ಮೂರನೆಯ ತಿಂಗಳು ಅದರ ಮೇಲೆ ಒಮ್ಮೆ ಬೆರಳಿನಿಂದ ತಟ್ಟಿ, ಹಾಡುವವರ ಮುಖ ನೋಡಿದಳು. ನನ್ನ ವೃತ್ತಿಯಲ್ಲಿ ಅದು ಒಂದು ಪೂರ್ತಿ ವಾಕ್ಯ.

ಸಂಗೀತ ಆಟಿಸಂ ಗುಣಪಡಿಸುತ್ತದೆಂದು ಹೇಳಿ ಹಣ ಕೇಳುವವರನ್ನು ದಯವಿಟ್ಟು ನಂಬಬೇಡಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂಬತ್ತು ದೇಶಗಳ 364 ಮಕ್ಕಳಿದ್ದರು. ಐದು ತಿಂಗಳ ಸಂಗೀತ ಚಿಕಿತ್ಸೆಯ ನಂತರವೂ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಓದಿದಾಗ ಬೇಸರವಾಯಿತು, ಆದರೆ ಭಜನೆ ನಿಲ್ಲಿಸಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ. ಮಗುವನ್ನು ಬದಲಿಸಲೆಂದು ನಾವು ಸೇರುತ್ತಿಲ್ಲ. ಮದುವೆ, ಜಾತ್ರೆಗಳನ್ನೆಲ್ಲ ಬಿಟ್ಟು ಮನೆಯಲ್ಲೇ ಉಳಿದ ಕುಟುಂಬಗಳು ನಾಲ್ಕು ಜನರ ನಡುವೆ ಅಳುಕಿಲ್ಲದೆ ಕುಳಿತುಕೊಳ್ಳಲಿ ಎಂದು ಸೇರುತ್ತೇವೆ.

ಹಾಗೆ ಕುಳಿತಾಗ ಕೆಲಸದ ಮಾತೂ ಹೊರಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ ಎಂಬುದು, ಕೇಂದ್ರ ಸರ್ಕಾರದ ‘ನಿರಾಮಯ’ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ ಎಂಬುದು ಎಷ್ಟೋ ತಂದೆತಾಯಿಗೆ ತಿಳಿದದ್ದು ಈ ಜಮಖಾನದ ಮೇಲೆ, ಇನ್ನೊಬ್ಬ ತಾಯಿಯ ಬಾಯಿಂದ.

ಕಳೆದ ಶ್ರಾವಣದಲ್ಲಿ ಆ ಹುಡುಗನ ಅಜ್ಜನೇ ಏಕತಾರಿ ಹಿಡಿದು ಬಂದರು. ಹುಡುಗ ಬಾಗಿಲ ಬಳಿ, ನಮಗೆ ಬೆನ್ನು ಮಾಡಿ ನಿಂತೇ ಇದ್ದ. ಸೊಲ್ಲು ಬಂದಾಗಲೆಲ್ಲ ಅವನ ಹಿಮ್ಮಡಿ ಮೆಲ್ಲಗೆ ಏಳುತ್ತಿತ್ತು. ತಾಯಿ ಅವನ ಹಿಂದೆ ಹೋಗಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮೂರು ತತ್ವಪದಗಳನ್ನು ಪೂರ್ತಿಯಾಗಿ ಕೇಳಿದರು.