ಹಂಚಿನ ಊರಲ್ಲಿ ಹಂಚಿನ ಮಾಡು ಕಮ್ಮಿಯಾದ ಕಥೆ

ಹಂಪನಕಟ್ಟೆಯಿಂದ ಕೆ.ಎಸ್. ರಾವ್ ರಸ್ತೆ ಹಿಡಿದು ಕೊಡಿಯಾಲ್‌ಬೈಲ್ ಕಡೆ ನಡೆದರೆ ಕಾಣುವುದು ಗಾಜು, ಬೋರ್ಡು, ಕಾಂಪ್ಲೆಕ್ಸು, ಮಾಲ್. ದೇಶಕ್ಕೆಲ್ಲ ಹಂಚು ಕಳಿಸಿದ ಮಂಗಳೂರಿನಲ್ಲೇ ಹಂಚಿನ ಕಟ್ಟಡ ಹುಡುಕಬೇಕಾಗಿದೆ. ಜನರಿಗೆ ಅಭಿರುಚಿ ಇಲ್ಲ ಎಂದು ಸುಮ್ನೆ ಬೈದರೆ ಇದು ಅರ್ಥವಾಗುವುದಿಲ್ಲ.

ಹಂಚು ಕೂಡ ಒಂದು ಕಾಲಕ್ಕೆ ಹೊಸ ಫ್ಯಾಶನ್ನೇ. ಅದಕ್ಕೆ ಮೊದಲು ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು, ಇಲ್ಲವೇ ತೆಂಗಿನ ಮಡಲು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಅವರು ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನದಿಯ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸಲು ಬಂದರು ಎಲ್ಲವೂ ಹತ್ತಿರವೇ ಇದ್ದವು. ಸ್ವಲ್ಪ ವರ್ಷಗಳಲ್ಲೇ ಊರಿನವರೂ ಕಾರ್ಖಾನೆ ಹಾಕಿದರು.

ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬರುವ ಊರಿದು. ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಳ್ಳುವ ಈ ಹಂಚು ಆ ಮಳೆಗೆ ಹೇಳಿ ಮಾಡಿಸಿದಂತಿತ್ತು. ಪೇಟೆಯ ಕಟ್ಟಡಗಳ ರೂಪವನ್ನೂ ಅದೇ ತೀರ್ಮಾನಿಸಿತು. ಕೆಂಪು ಮುರಕಲ್ಲಿನ ದಪ್ಪ ಗೋಡೆ, ಕೆಳಗೆ ಅಂಗಡಿ, ಮೇಲೆ ಮನೆ. ಗೋಡೆಗೆ ನೀರು ಹೊಡೆಯದಂತೆ ಮುಂದಕ್ಕೆ ಚಾಚಿದ ಮಾಡು, ಅಂದರೆ ಇಳಿಜಾರು ಸೂರು. ಬೀದಿಯಲ್ಲಿ ಹೋಗುವವನೂ ಅದರಡಿ ಮಳೆಗೆ ನಿಲ್ಲಬಹುದಿತ್ತು. ನನಗೆ ಆ ಕಟ್ಟಡಗಳಲ್ಲಿ ಎಲ್ಲಕ್ಕಿಂತ ಇಷ್ಟ ಈ ಗುಣವೇ.

ಆಮೇಲೆ ಸಿಮೆಂಟು ಬಂತು. ಮಾಡಿನ ಮೇಲೆ ಮಹಡಿ ಏರಿಸಲಾಗುವುದಿಲ್ಲ, ತಾರಸಿಯ ಮೇಲೆ ಏರಿಸಬಹುದು. ಪೇಟೆಯ ಜಾಗಕ್ಕೆ ಬೆಲೆ ಏರಿದಂತೆ ಈ ಒಂದು ವ್ಯತ್ಯಾಸವೇ ಹಳೇ ಕಟ್ಟಡಗಳಿಗೆ ಮುಳುವಾಯಿತು. ಹಂಚು, ಅದನ್ನು ಹೊರುವ ಮರದ ಪಕ್ಕಾಸು, ರೀಪು ನೋಡಿಕೊಳ್ಳುವ ಖರ್ಚೂ ಕಮ್ಮಿಯದಲ್ಲ. ತಮಾಷೆಯಲ್ಲ, ನಿಜವಾಗಿ ಬೇಸರದ ಸಂಗತಿ ಏನೆಂದರೆ, ಆ ತಾರಸಿಗಳೂ ನಮ್ಮ ಮಳೆಗೆ ಸೋರಿದವು. ಈಗ ಎಷ್ಟೋ ತಾರಸಿಗಳ ಮೇಲೆ ಮತ್ತೆ ಇಳಿಜಾರಾಗಿ ಶೀಟು ಹೊದಿಸಿದ್ದಾರೆ.

ಆಸ್ತಿಯ ಕಾನೂನೂ ಬದಲಾಯಿತು. ಅಳಿಯಸಂತಾನವೆಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಪದ್ಧತಿ. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಬಂಟರೂ ಸೇರಿ ಹಲವು ಕುಟುಂಬಗಳಲ್ಲಿ ಪಾಲುಪಟ್ಟಿ ಸುಲಭವಾಯಿತು. ದೊಡ್ಡ ಮನೆಯೊಂದು ಹತ್ತಾರು ಜನರ ಪಾಲಾದರೆ, ಅದನ್ನು ಮಾರಿ ದುಡ್ಡು ಹಂಚಿಕೊಳ್ಳುವುದೇ ಸುಲಭದ ದಾರಿ ಅಲ್ವಾ? 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾಯಿತು. ದೊಡ್ಡ ಹಡಗುಗಳ ವ್ಯಾಪಾರ ಅತ್ತ ಹೋಯಿತು. ಹಳೇ ಬಂದರಿನ ಬೀದಿಗಳಲ್ಲಿ ಇನ್ನೂ ಒಂದಷ್ಟು ಹಂಚಿನ ಗೋದಾಮುಗಳು ಉಳಿದಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಲೆಕ್ಕ. ಅಲ್ಲಿ ಕೆಡವಿ ಕಟ್ಟುವ ಒತ್ತಡ ಹಂಪನಕಟ್ಟೆಯಷ್ಟು ಇರಲಿಲ್ಲ.

ಹಂಪನಕಟ್ಟೆಯಲ್ಲಿ ಉಳಿದದ್ದು ಹೆಚ್ಚಾಗಿ ಸಂಸ್ಥೆಗಳ ಕಟ್ಟಡ. 1868ರಲ್ಲಿ ಶುರುವಾದ ಸರಕಾರಿ ಕಾಲೇಜು, ಅಂದರೆ ಈಗಿನ ವಿಶ್ವವಿದ್ಯಾನಿಲಯ ಕಾಲೇಜು, ತನ್ನ ಕೆಂಪು ಕಟ್ಟಡವನ್ನು ಉಳಿಸಿಕೊಂಡಿದೆ. ಪಕ್ಕದ ಮಿಲಾಗ್ರಿಸ್ ಚರ್ಚಿನ ಮೂಲ 1680ರದ್ದು, ಈಗಿನ ಕಟ್ಟಡ ಇಪ್ಪತ್ತನೇ ಶತಮಾನದ್ದು. ಇಂಥವು ಪಾಲಾಗುವುದಿಲ್ಲ, ಹಾಗಾಗಿ ಮಾರಾಟಕ್ಕೂ ಬರುವುದಿಲ್ಲ. ಖಾಸಗಿ ಮನೆ, ಅಂಗಡಿಗಳಿಗೆ ಆ ಆಸರೆ ಇಲ್ಲ. ಕೆಡವುವ ಮೊದಲು ಅವುಗಳ ಫೋಟೊ, ಅಳತೆ, ನಕ್ಷೆಯನ್ನಾದರೂ ಪಾಲಿಕೆ ದಾಖಲಿಸಿ ಇಟ್ಟುಕೊಳ್ಳಬೇಕು. ದುರಸ್ತಿ ಮಾಡಿ ಉಳಿಸಿಕೊಳ್ಳುವ ಮಾಲೀಕರಿಗೆ ತೆರಿಗೆಯಲ್ಲಿ ರಿಯಾಯಿತಿಯನ್ನೂ ಕೊಡಬೇಕು.