ಓದಿದವರಿಗೆ ಒಂದು ಹೂಂ

ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಗ್ಲಾಕೋಮಾ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿಗೆ ಬೆಳಕು, ನೆರಳು ಅಷ್ಟೇ ಗೊತ್ತಾಗುತ್ತದೆ. ಒಂದು ಕಾಲದಲ್ಲಿ ವಾರಪತ್ರಿಕೆ ಮನೆಗೆ ಬಂದರೆ ಜಾಹೀರಾತನ್ನೂ ಬಿಡದೆ ಓದುತ್ತಿದ್ದವರು ಅವರು. ಈಗ ಮಧ್ಯಾಹ್ನ ಊಟ ಆದ ಮೇಲೆ ಚಾವಡಿಯಲ್ಲಿ ಚಾಪೆ ಹಾಸಿ ಮಲಗುತ್ತಾರೆ, ದಿಂಬಿನ ಪಕ್ಕ ಮೊಬೈಲ್ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಯಾರೋ ಒಬ್ಬ ಹೆಂಗಸು ಪಂಜೆ ಮಂಗೇಶರಾಯರ ಕತೆ ಓದುತ್ತಿರುತ್ತಾರೆ. ದುಡ್ಡಿಗೆ ಓದಿದ್ದಲ್ಲ. ಓದಿ, ರೆಕಾರ್ಡ್ ಮಾಡಿ, ಬೇಕಾದವರು ಕೇಳಲಿ ಅಂತ ಇಂಟರ್ನೆಟ್ಟಿಗೆ ಹಾಕಿದ್ದಾರೆ. ತಮ್ಮ ಹೆಸರನ್ನೂ ಹೇಳಿಲ್ಲ.

ದೊಡ್ಡಮ್ಮ ಆ ದನಿಯ ಜೊತೆ ಮಾತಾಡುತ್ತಾರೆ. ವಾಕ್ಯ ಮುಗಿದ ಕೂಡಲೇ ಹೂಂ ಅನ್ನುತ್ತಾರೆ. ಮೊನ್ನೆ ಓದುವವರ ಗಂಟಲು ಸ್ವಲ್ಪ ಒಣಗಿದ ಹಾಗೆ ಕೇಳಿಸಿತು. "ಒಂದು ಲೋಟ ನೀರು ಕುಡಿ ಮಾರಾಯ್ತಿ, ಕತೆ ಎಲ್ಲಿಗೂ ಓಡಿ ಹೋಗುವುದಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇವಳು ಘಟ್ಟದ ಮೇಲಿನವಳು. ಆದ್ರೆ ಓದುವುದು ಚಂದ ಉಂಟು. ಇವಳಿಗೆ ಒಂದು ಮಾತು ಹೇಳ್ಬೇಕಲ್ಲ ಮಗಾ, ಹೇಗೆ ಹೇಳುವುದು?" ಅಂತ ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ಪುಕ್ಕಟೆಯಾಗಿ ಓದಿಕೊಟ್ಟವರಿಗೆ ಕೇಳಿದವರು ಏನು ಕೊಡುತ್ತಿದ್ದರು, ಈಗ ಏನು ಕೊಡಬಹುದು ಅಂತ ಹುಡುಕುತ್ತಾ ಹೋದೆ. ಹುಡುಕಾಟ ನಮ್ಮ ಊರಿನಿಂದಲೇ ಶುರುವಾಯಿತು.

ನಮ್ಮಲ್ಲಿ ಕತೆ ಹೇಳಬೇಕಾದರೆ ಹೂಂಗುಟ್ಟುವವರು ಬೇಕು. ಹೂಂ ನಿಂತರೆ ಅಜ್ಜಿ ಕತೆ ನಿಲ್ಲಿಸುತ್ತಿದ್ದರು, ಮಕ್ಕಳಿಗೆ ನಿದ್ದೆ ಬಂತು ಅಂತ ಅರ್ಥ. ನಂದಳಿಕೆಯ ಮುದ್ದಣ ಇದನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾನೆ ನೋಡಿ. ಉಡುಪಿಯಲ್ಲಿ ಡ್ರಿಲ್ ಮಾಸ್ತರನಾಗಿದ್ದ ಈ ಕವಿ 1901ರಲ್ಲಿ, ಮೂವತ್ತು ದಾಟುವಷ್ಟರಲ್ಲಿ ತೀರಿಕೊಂಡ. ಅವನ ರಾಮಾಶ್ವಮೇಧದಲ್ಲಿ ಕತೆ ಹೇಳುವವನು ಒಬ್ಬನಿದ್ದರೆ ಕೇಳುವ ಮನೋರಮೆ ಒಬ್ಬಳಿದ್ದಾಳೆ. ಅವಳು ಕೇಳುತ್ತಾಳೆ, ತಡೆಯುತ್ತಾಳೆ, ತಕರಾರು ಮಾಡುತ್ತಾಳೆ, ಮೆಚ್ಚುತ್ತಾಳೆ. ಅವಳಿಲ್ಲದೆ ಆ ಕತೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಇನ್ನೊಂದು ವಿಷಯ. ಮುದ್ದಣ ತಾನು ಬರೆದದ್ದನ್ನು ಯಾವುದೋ ಹಳೇ ಕವಿಯದ್ದು ಅಂತ ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿದ. ಬದುಕಿದ್ದಾಗ ಓದುಗರ ಮೆಚ್ಚುಗೆ ಅವನ ಹೆಸರಿಗೆ ಬಂದು ಸೇರಲೇ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪುರಾಣ ಓದಿಸುವ ಪದ್ಧತಿಯೂ ಹಾಗೆಯೇ, ಎದುರು ಬದುರು ಕೂತು ಆಗುವ ಕೆಲಸ. ಮೇಳದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಯಕ್ಷಗಾನದವರು ಗೆಜ್ಜೆ ಬಿಚ್ಚಿದ ಮೇಲೆ, ಮಳೆ ಹಿಡಿದ ತಿಂಗಳುಗಳಲ್ಲಿ, ಕರಾವಳಿಯ ದೇವಸ್ಥಾನಗಳಲ್ಲಿ, ಮನೆಗಳಲ್ಲಿ ಒಬ್ಬರು ಕುಮಾರವ್ಯಾಸನನ್ನೋ ತೊರವೆ ರಾಮಾಯಣವನ್ನೋ ರಾಗವಾಗಿ ಓದುವುದು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುವುದು. ಓದುವವರಿಗೆ ಸಂಬಳ ಇರಲಿಲ್ಲ. ಆದರೆ ಬರಿಗೈಯಲ್ಲಿ ಯಾರೂ ಎದ್ದು ಹೋಗುತ್ತಿರಲಿಲ್ಲ. ನಡುವೆ ಬಿಸಿ ಹಾಲು ಬರುತ್ತಿತ್ತು. ಓದು ಮುಗಿಯುವ ಮಂಗಳದ ದಿನ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಕೈಲಾದರೆ ಒಂದು ಶಾಲು. ಅದಕ್ಕಿಂತ ಹೆಚ್ಚಾಗಿ ಓದುವವರ ಕಣ್ಣೆದುರೇ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ತಮ್ಮ ಓದು ಎಲ್ಲಿ ತಾಗಿತು ಅಂತ ಓದುವವರಿಗೆ ಅಲ್ಲೇ ತಿಳಿಯುತ್ತಿತ್ತು.

ಈ ಕೊಡುಕೊಳ್ಳುವಿಕೆ ಕಡಿದುಹೋದದ್ದು ಯಂತ್ರ ಬಂದಾಗ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿದ. ಅದು ಏನಕ್ಕೆಲ್ಲ ಉಪಯೋಗ ಅಂತ ಮರುವರ್ಷ ಬರೆದ ಪಟ್ಟಿಯಲ್ಲಿ ಕುರುಡರಿಗಾಗಿ ಮಾತಾಡುವ ಪುಸ್ತಕವೂ ಇತ್ತು. ಆಗಿನ ತಗಡಿನ ಹಾಳೆಯಲ್ಲಿ ಒಂದೆರಡು ನಿಮಿಷ ಹಿಡಿಸಿದರೆ ದೊಡ್ಡದು, ಹಾಗಾಗಿ ಪುಸ್ತಕ ಕನಸಾಗಿಯೇ ಉಳಿಯಿತು. ಅದಕ್ಕೆ ಜೀವ ಬಂದದ್ದು ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಲ್ಲಿ ಅನೇಕರಿಗೆ ದೊಡ್ಡವರಾದ ಮೇಲೆ ಬ್ರೈಲ್ ಕಲಿಯುವುದು ಕಷ್ಟವಾಯಿತು. ಅಮೆರಿಕದಲ್ಲಿ 1931ರಲ್ಲಿ ಕಾಯ್ದೆ ಮಾಡಿ ಕುರುಡರ ಪುಸ್ತಕಕ್ಕೆ ವರ್ಷಕ್ಕೆ 1 ಲಕ್ಷ ಡಾಲರ್ ಇಟ್ಟರು, 1934ರ ಹೊತ್ತಿಗೆ ಮಾತಾಡುವ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳಲ್ಲಿ ಬಂದವು. ಬ್ರಿಟನ್ನಿನಲ್ಲಿ 1935ರಲ್ಲಿ ಶುರುವಾಯಿತು. ಅಲ್ಲಿ ಅದರ ಹಿಂದೆ ಬಿದ್ದವರು ಇಯಾನ್ ಫ್ರೇಸರ್, ಅದೇ ಮೊದಲ ಮಹಾಯುದ್ಧದ ಸೋಮ್ ಕಾಳಗದಲ್ಲಿ ಕಣ್ಣು ಕಳೆದುಕೊಂಡವರು.

ಆ ಕಾಲದಲ್ಲಿ ಓದುತ್ತಿದ್ದವರು ಸಂಬಳದ ನಟರು, ರೇಡಿಯೋದವರು. ಸುಮ್ನೆ ಬಂದು ಓದಿಕೊಡುವವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಅದೂ ಒಂದು ಬೇಡಿಕೆಯಿಂದ. ಅಮೆರಿಕ ಸರ್ಕಾರ ಯುದ್ಧದಿಂದ ಮರಳಿದವರಿಗೆ ಕಾಲೇಜಿನ ಖರ್ಚು ಕೊಡುತ್ತೇನೆ ಅಂದಿತು. ಕಣ್ಣಿಲ್ಲದ ಸೈನಿಕರು ಪಠ್ಯಪುಸ್ತಕ ಓದುವುದು ಹೇಗೆ? ಅವರು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಪತ್ರ ಬರೆದರು. ಆನ್ ಮೆಕ್‌ಡೊನಾಲ್ಡ್ ಎಂಬಾಕೆ ಲೈಬ್ರರಿಯ ಮಹಿಳಾ ಸಂಘದವರನ್ನು ಸೇರಿಸಿ 1948ರಲ್ಲಿ ಓದಿಸಲು ಶುರು ಮಾಡಿದರು. ಆರು ಇಂಚಿನ ತಟ್ಟೆಯ ಒಂದೊಂದು ಬದಿಗೆ 12 ನಿಮಿಷ. ಒಂದು ಕಾನೂನು ಪುಸ್ತಕಕ್ಕೆ ಎಷ್ಟು ತಟ್ಟೆ ಬೇಕಾಯಿತೋ ಲೆಕ್ಕ ಹಾಕಿಕೊಳ್ಳಿ.

ನಮ್ಮ ಕಡೆ ದನಿಗೆ ಥ್ಯಾಂಕ್ಸ್ ಹೇಳುವುದನ್ನು ಕಲಿಸಿದ್ದು ಆಕಾಶವಾಣಿ. ಮಂಗಳೂರು ಕೇಂದ್ರ 1976ರಲ್ಲಿ ಶುರುವಾಯಿತು. ಕೇಳುಗರು ಕಾರ್ಡು ಬರೆಯುತ್ತಿದ್ದರು, ಆ ಕಾರ್ಡುಗಳಿಗೆ ರೇಡಿಯೋದಲ್ಲೇ ಉತ್ತರ ಬರುತ್ತಿತ್ತು. ದೊಡ್ಡಮ್ಮನೂ ಒಮ್ಮೆ ಬರೆದಿದ್ದರಂತೆ, ಯಾವುದೋ ಕತೆ ಓದಿದವರ ಬಗ್ಗೆ. ತಮ್ಮ ಹೆಸರು ರೇಡಿಯೋದಲ್ಲಿ ಬಂದಾಗ ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದನ್ನು ಇವತ್ತಿಗೂ ಹೇಳುತ್ತಾರೆ.

ಈಗ ಇಂಟರ್ನೆಟ್ಟಿನ ಕಾಲಕ್ಕೆ ಬರೋಣ. 2004ರಲ್ಲಿ ಲಾರೆನ್ಸ್ ಲೆಸಿಗ್ ಎಂಬ ಕಾನೂನು ಪ್ರಾಧ್ಯಾಪಕರು ಕಾಪಿರೈಟ್ ಕುರಿತ ತಮ್ಮ ಒಂದು ಪುಸ್ತಕವನ್ನು ಮುಕ್ತವಾಗಿ ಬಿಟ್ಟರು. ಅದನ್ನು ಹಲವರು ಅಧ್ಯಾಯಕ್ಕೊಬ್ಬರಂತೆ ಹಂಚಿಕೊಂಡು ಗಟ್ಟಿಯಾಗಿ ಓದಿ ಹಾಕಿದರು. ಅದನ್ನು ಕಂಡು ಪ್ರೇರಣೆ ಪಡೆದವರು ಕೆನಡಾದ ಮಾಂಟ್ರಿಯಲ್‌ನ ಹ್ಯೂ ಮೆಗ್ವಾಯರ್. 2005ರ ಆಗಸ್ಟ್‌ನಲ್ಲಿ ಲಿಬ್ರಿವಾಕ್ಸ್ ಹುಟ್ಟಿತು, ಸ್ವಯಂಸೇವಕರು ಓದಿದ ಪುಸ್ತಕಗಳನ್ನು ಪುಕ್ಕಟೆಯಾಗಿ ಕೇಳಿಸುವ ಜಾಲತಾಣ. ಮೊದಲ ಪುಸ್ತಕ ಜೋಸೆಫ್ ಕಾನ್ರಾಡ್‌ನ ಒಂದು ಕಾದಂಬರಿ, ಅದನ್ನೂ ಹಂಚಿಕೊಂಡೇ ಓದಿದರು. ಇವತ್ತು ಅಲ್ಲಿ 20 ಸಾವಿರಕ್ಕೂ ಜಾಸ್ತಿ ಪುಸ್ತಕಗಳಿವೆ, ಹಲವಾರು ಭಾಷೆಗಳಲ್ಲಿ.

ಅಲ್ಲಿನ ಕೆಲಸದ ರೀತಿ ನನಗೆ ತುಂಬ ಹಿಡಿಸಿತು. ಕಾಪಿರೈಟ್ ಮುಗಿದ ಪುಸ್ತಕ ಮಾತ್ರ. ಯಾರು ಬೇಕಾದರೂ ಓದಬಹುದು, ದನಿ ಹೀಗೇ ಇರಬೇಕು ಅಂತಿಲ್ಲ. ಒಬ್ಬರು ಓದುತ್ತಾರೆ, ಒಬ್ಬರು ಪುಸ್ತಕದ ಉಸ್ತುವಾರಿ ನೋಡುತ್ತಾರೆ, ಇನ್ನೊಬ್ಬರು ಪುಸ್ತಕ ಎದುರಿಗಿಟ್ಟುಕೊಂಡು ಸಾಲು ಬಿಟ್ಟುಹೋಗಿದೆಯಾ, ಗದ್ದಲ ಇದೆಯಾ ಅಂತ ಕೇಳಿ ನೋಡುತ್ತಾರೆ. ಹಾಗೆ ಕೇಳುವವರು ಓದುವವರ ಉಚ್ಚಾರದ ಧಾಟಿಗೆ, ಶೈಲಿಗೆ ಕೊಂಕು ತೆಗೆಯುವಂತಿಲ್ಲ. ಓದುವವರೇ ಅಭಿಪ್ರಾಯ ಕೇಳಿದರೆ ಮಾತ್ರ ಹೇಳಬಹುದು. ಮುಗಿದ ಮೇಲೆ ಆ ರೆಕಾರ್ಡಿಂಗ್ ಲೋಕಕ್ಕೆ ಸೇರಿದ್ದು. ಓದಿದವರು ಅದರ ಮೇಲಿನ ಎಲ್ಲ ಹಕ್ಕನ್ನೂ ಬಿಟ್ಟುಕೊಡುತ್ತಾರೆ. ನಾಳೆ ಯಾರಾದರೂ ಅದನ್ನು ಸಿಡಿ ಮಾಡಿ ಮಾರಿದರೂ ಇವರು ಕೇಳುವಂತಿಲ್ಲ. ದುಡ್ಡೂ ಇಲ್ಲ, ಹಕ್ಕೂ ಇಲ್ಲ, ಎದುರಿಗೆ ಕೂತು ಕಣ್ಣೊರೆಸಿಕೊಳ್ಳುವವರೂ ಇಲ್ಲ. ಆಮೇಲೆ ಅವರಿಗೆ ಏನಾದರೂ ಬರುವುದಿದ್ದರೆ ಕೇಳಿದವರ ಒಂದು ಮಾತು ಅಷ್ಟೇ.

ಕನ್ನಡದಲ್ಲಿ ಈ ದಾರಿ ಇನ್ನೂ ಕಿರಿದು. ಅದಕ್ಕೆ ಕಾಪಿರೈಟ್ ಒಂದು ಕಾರಣ. ನಮ್ಮ 1957ರ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮೇಲೆ 50 ವರ್ಷ ಹಕ್ಕು ಇತ್ತು. 1991ರ ಕೊನೆಗೆ ರವೀಂದ್ರನಾಥ ಟಾಗೋರರ ಹಕ್ಕು ಮುಗಿಯುವುದರಲ್ಲಿತ್ತು. ಆ ಹೊತ್ತಿಗೆ ಅದನ್ನು 60 ವರ್ಷಕ್ಕೆ ಏರಿಸಿದರು. ಹಾಗಾಗಿ ಲೆಕ್ಕ ಹೀಗೆ. ಮುದ್ದಣ, 1937ರಲ್ಲಿ ತೀರಿಕೊಂಡ ಪಂಜೆ, 1899ರಲ್ಲಿ 'ಇಂದಿರಾಬಾಯಿ' ಕಾದಂಬರಿ ತಂದ ಗುಲ್ವಾಡಿ ವೆಂಕಟರಾಯರು, ಇವರನ್ನೆಲ್ಲ ಯಾರು ಬೇಕಾದರೂ ಓದಿ ಹಾಕಬಹುದು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಅವರು 2024ರ ಜನವರಿಯಿಂದ ಎಲ್ಲರವರಾದರು. ಶಿವರಾಮ ಕಾರಂತರು 1997ರಲ್ಲಿ ಹೋದವರು, 2058ರ ತನಕ ಕಾಯಬೇಕು.

ಆದರೆ ದೊಡ್ಡಮ್ಮನಂಥವರು ಕಾಯಬೇಕಾಗಿಲ್ಲ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಕಣ್ಣಿಲ್ಲದವರಿಗೆ, ಅಂಗವಿಕಲತೆಯಿಂದ ಅಚ್ಚಿನ ಪುಸ್ತಕ ಓದಲಾಗದವರಿಗೆ ಅಂತಲೇ ಲಾಭದ ಆಸೆ ಇಲ್ಲದೆ ಓದಿಕೊಟ್ಟರೆ ಹಕ್ಕುದಾರರ ಅನುಮತಿ ಬೇಕಿಲ್ಲ. 2013ರಲ್ಲಿ ಮೊರಾಕೋದ ಮರಕೇಶ್‌ನಲ್ಲಿ ಇದೇ ವಿಷಯದ ಅಂತಾರಾಷ್ಟ್ರೀಯ ಒಪ್ಪಂದ ಆಯಿತು. 2014ರ ಜೂನ್‌ನಲ್ಲಿ ಅದನ್ನು ಸ್ಥಿರೀಕರಿಸಿದ ಮೊತ್ತಮೊದಲ ದೇಶ ನಮ್ಮದು. ನನಗೆ ಇದು ಹೆಮ್ಮೆ. ಬೆಂಗಳೂರಿನಲ್ಲಿ ಮಧು ಸಿಂಘಾಲ್ 1990ರಲ್ಲಿ ಕಟ್ಟಿದ ಮಿತ್ರಜ್ಯೋತಿಯಲ್ಲಿ ಸ್ವಯಂಸೇವಕರು ಹೋಗಿ ಓದಿ ರೆಕಾರ್ಡ್ ಮಾಡುತ್ತಾರೆ, ಆಡಿಯೋ ಪುಸ್ತಕಗಳ ಲೈಬ್ರರಿಯೇ ಇದೆ.

ನಾನೂ ಸ್ವಲ್ಪ ಓದಿದ್ದೇನೆ. ಮಂಗಳೂರಿನ ಕಾಲೇಜೊಂದರಲ್ಲಿ ಡಿಗ್ರಿ ಓದುತ್ತಿದ್ದ ಕಣ್ಣು ಕಾಣದ ಹುಡುಗನೊಬ್ಬನಿಗೆ ಅರ್ಥಶಾಸ್ತ್ರದ ಪಠ್ಯ. ರಾತ್ರಿ ಊರು ಮಲಗಿದ ಮೇಲೆ ಫ್ಯಾನ್ ಆಫ್ ಮಾಡಿ, ಬಟ್ಟೆ ಕಪಾಟಿನ ಬಾಗಿಲು ತೆರೆದು, ಒಳಗೆ ಮುಖ ಇಟ್ಟು ಓದುತ್ತಿದ್ದೆ. ಬಟ್ಟೆ ದನಿಯನ್ನು ಹೀರಿಕೊಳ್ಳುತ್ತದೆ, ಪ್ರತಿಧ್ವನಿ ಬರುವುದಿಲ್ಲ. ಆಟಿ ತಿಂಗಳ ಮಳೆ ಹಂಚಿನ ಮೇಲೆ ಬಿದ್ದರೆ ಆ ದಿನದ ಕೆಲಸ ಮುಗಿಯಿತು. 20 ನಿಮಿಷದ ಓದಿಗೆ ತಪ್ಪು ತಿದ್ದಿ ಮುಗಿಸುವಾಗ ಒಂದೂವರೆ ಗಂಟೆ. ಕಪಾಟಿನ ಕತ್ತಲೆಗೆ ಓದುವಾಗ ಮನಸ್ಸಿಗೆ ಒಂದೇ ಪ್ರಶ್ನೆ: ಇದನ್ನು ಯಾರಾದರೂ ಕೇಳ್ತಾರಾ?

ಪರೀಕ್ಷೆ ಮುಗಿದ ಮೇಲೆ ಆ ಹುಡುಗ ವಾಟ್ಸಾಪ್‌ನಲ್ಲಿ ದನಿ ಕಳಿಸಿದ. "ಅಣ್ಣಾ, ನೀವು ಹೊಸ ಅಂಶ ಶುರು ಮಾಡುವಾಗ ಒಂದು ಉಸಿರು ಎಳೆದುಕೊಳ್ತೀರಿ. ನಾನು ಉತ್ತರ ಹೇಳಿ ಬರೆಸುವಾಗ ಆ ಉಸಿರು ನೆನಪಾಗ್ತಿತ್ತು. ಅಲ್ಲಿಂದ ಮುಂದಿನ ಅಂಶ ತಾನಾಗಿ ಬರ್ತಿತ್ತು." ನಾನು ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕ ಇಲ್ಲ. ಫೋನ್ ಬದಲಾಯಿಸಿದಾಗ ಮೊದಲು ಉಳಿಸಿಕೊಂಡದ್ದು ಅದನ್ನೇ. 'ಚೆನ್ನಾಗಿ ಓದ್ತೀರಿ' ಅಂತ ಅವನು ಎಲ್ಲೂ ಹೇಳಿಲ್ಲ, ಗಮನಿಸಿ. ಕೇಳಿದ್ದೇನೆ ಅನ್ನುವುದಕ್ಕೆ ಸಾಕ್ಷಿ ಕೊಟ್ಟಿದ್ದಾನೆ. ಮನೋರಮೆ ಮಾಡುತ್ತಿದ್ದುದೂ ಅದೇ ಅಲ್ವಾ?

ಯಂತ್ರದ ದನಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ, ಉಪಕಾರಿಯೂ ಹೌದು. ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎಯಂಥ ಪುಕ್ಕಟೆ ಸ್ಕ್ರೀನ್ ರೀಡರ್ ಕನ್ನಡವನ್ನೂ ಓದುತ್ತದೆ, ನನ್ನ ಆ ಹುಡುಗ ದಿನವಿಡೀ ಬಳಸುವುದು ಅದನ್ನೇ. ದೊಡ್ಡಮ್ಮನಿಗೂ ಫೋನಿನ ದನಿಯಲ್ಲಿ ಒಂದು ಕತೆ ಹಾಕಿ ಕೊಟ್ಟೆ. ಎರಡು ನಿಮಿಷ ಕೇಳಿ, "ಕರೆಂಟ್ ಬಿಲ್ಲಿಗೆ ಇವನು ಸಾಕು. ಕತೆಗೆ ಅವಳನ್ನೇ ಹಾಕು" ಅಂದರು.

ಕೊನೆಗೆ ನಾವು ಪತ್ರ ಬರೆದೆವು. ಆ ಹೆಂಗಸಿಗೆ ಇಮೇಲ್ ಕಳಿಸಲು ದಾರಿ ಇತ್ತು, ಹುಡುಕಿದಾಗ ಸಿಕ್ಕಿತು. ದೊಡ್ಡಮ್ಮ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. "ನನ್ನ ಕಣ್ಣು ಹೋಗಿ ನಾಲ್ಕು ವರ್ಷ ಆಯಿತು. ಎರಡನೇ ಕತೆಯ ನಡುವೆ ನಿಮ್ಮ ಮನೆಯ ಕುಕ್ಕರ್ ಮೂರು ಸೀಟಿ ಹೊಡೆಯಿತು, ನೀವು ನಿಲ್ಲಿಸಲಿಲ್ಲ. ಅನ್ನ ಸೀದಿತೋ ಏನೋ ಅಂತ ನನಗೆ ಅವತ್ತು ಯೋಚನೆ. ಮುದುಕಿಯ ದನಿಗೆ ನೀವು ಸ್ವಲ್ಪ ನಿಧಾನ ಮಾಡುತ್ತೀರಿ, ಅದು ಚಂದ. ಉಡುಪಿಗೆ ಬಂದರೆ ಮನೆಗೆ ಬನ್ನಿ, ಪತ್ರೊಡೆ ಮಾಡುತ್ತೇನೆ, ಅದಕ್ಕೆ ಕಣ್ಣು ಬೇಡ, ಕೈಗೆ ಗೊತ್ತುಂಟು."

"ಕಳಿಸುವ ಮೊದಲು ಒಮ್ಮೆ ಓದಿ ಹೇಳು" ಅಂದರು. ಓದಿದೆ. ವಾಕ್ಯ ಮುಗಿದ ಕೂಡಲೇ ಹೂಂ ಅಂದರು.